ಮೊದಲ ಒಡೆಯನ ಹೆಸರು

ಚಿನ್ನಕ್ಕೆ ನೆನಪಿನ ಶಕ್ತಿ ಕಡಿಮೆ. ಅಜ್ಜಿಯ ಡಾಬು ಅಮ್ಮನ ಕಾಲಕ್ಕೆ ನಾಲ್ಕು ಬಳೆಯಾಗುತ್ತದೆ, ಅಮ್ಮನ ಬಳೆ ಮೊಮ್ಮಗಳ ಮದುವೆಗೆ ಸರವಾಗುತ್ತದೆ. ಅಕ್ಕಸಾಲಿಯ ಕುಲುಮೆಯಲ್ಲಿ ಒಮ್ಮೆ ಕರಗಿತೆಂದರೆ ಅದು ಯಾರ ಸೊಂಟದ ಮೇಲಿತ್ತು, ಯಾರ ಕೈಯಲ್ಲಿ ಸದ್ದು ಮಾಡುತ್ತಿತ್ತು ಎಂಬುದೆಲ್ಲ ಹೊಗೆಯಾಗಿ ಹೋಗುತ್ತದೆ. ನಮ್ಮ ಅತ್ತೆಯವರು ಅಡವಿನ ಹರಾಜಿಗೆ ಬಂದ ಒಡವೆಯನ್ನು ಮನೆಯೊಳಗೆ ತರಗೊಡುತ್ತಿರಲಿಲ್ಲ. "ಯಾರ ಕಣ್ಣೀರೋ ಏನೋ, ನಮಗ್ಯಾಕೆ" ಎನ್ನುತ್ತಿದ್ದರು. ಅದೇ ಒಡವೆಯನ್ನು ಕರಗಿಸಿ ಬೇರೆ ಮಾಡಿಸಿದರೆ ಮಾತ್ರ ಅಡ್ಡಿಯಿಲ್ಲ. ಕಣ್ಣೀರೂ ಚಿನ್ನದ ಜೊತೆಗೇ ಕರಗಿಹೋಗುತ್ತದೆ ಎಂದು ಅವರ ಲೆಕ್ಕವಿರಬೇಕು.

ಇದಕ್ಕೆ ತದ್ವಿರುದ್ಧವಾದ ಒಂದು ವ್ಯವಹಾರವಿದೆ. ಅಲ್ಲಿ ಮೊದಲ ಒಡೆಯನ ಹೆಸರನ್ನು ಯಾರೂ ಕರಗಿಸುವುದಿಲ್ಲ. ಬದಲಿಗೆ ಹುಡುಕಿ, ಕೆದಕಿ, ಪತ್ರ ಬರೆದು ಕೇಳಿ ತಿಳಿದುಕೊಳ್ಳುತ್ತಾರೆ. ಹೆಸರು ದೊಡ್ಡದಾದಷ್ಟೂ ವಸ್ತುವಿನ ಬೆಲೆ ಏರುತ್ತದೆ. ಅದು ಇಂಗ್ಲೆಂಡಿನ ಹಳೆಯ ಶಿಕಾರಿ ಕೋವಿಗಳ ವ್ಯವಹಾರ. ಪ್ರೌಢಶಾಲೆಯ ಟೀಚರಮ್ಮನಿಗೆ ಕೋವಿಯ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಮಗಳು ಮತ್ತು ಅಳಿಯ ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿದ್ದಾರೆ. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದಾಗ ಮಳೆ ಬಂದ ದಿನಗಳಲ್ಲೆಲ್ಲ ನನ್ನನ್ನು ರಾಯಲ್ ಆರ್ಮರೀಸ್ ಎಂಬ ಆಯುಧಗಳ ಮ್ಯೂಸಿಯಮ್ಮಿಗೆ ಕರೆದೊಯ್ದರು, ಯಾಕೆಂದರೆ ಅಲ್ಲಿ ಪ್ರವೇಶ ಉಚಿತ. ಅಲ್ಲಿ ಮಳೆ ಬರದ ದಿನ ಕಡಿಮೆ. ಹೀಗೆ ನಾನು ಕೋವಿಗಳನ್ನು ನೋಡಿದ್ದೇ ನೋಡಿದ್ದು.

ನಿಜ ಹೇಳಬೇಕೆಂದರೆ, ಅವು ಚೆಲುವಾಗಿವೆ. ಆಯುಧ ಎಂದರೆ ಒರಟು ಎಂದುಕೊಂಡಿದ್ದವಳಿಗೆ ಇದು ಅನಿರೀಕ್ಷಿತ. ಅಕ್ರೋಟು ಮರದ ಹಿಡಿ, ಅದರ ಮೇಲೆ ಜಿಂಕೆಯ ಚರ್ಮದ ಹಾಗೆ ಹೊಳೆಯುವ ಗೆರೆಗಳು, ಉಕ್ಕಿನ ಮೇಲೆ ಗುಲಾಬಿ ಗೊಂಚಲು, ಬಳ್ಳಿಯ ಸಣ್ಣ ಕೆತ್ತನೆ. ಲಂಡನ್ನಿನ ಪರ್ಡಿ, ಹಾಲೆಂಡ್ ಅಂಡ್ ಹಾಲೆಂಡ್, ಬಾಸ್, ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್, ಇವು ಆ ಲೋಕದ ದೊಡ್ಡ ಮನೆತನಗಳು. ಜೇಮ್ಸ್ ಪರ್ಡಿ ಅಂಗಡಿ ತೆರೆದದ್ದು 1814ರಲ್ಲಿ. ಇವತ್ತು ಆ ಅಂಗಡಿಯಲ್ಲಿ ಒಂದು ಹೊಸ ಜೋಡುನಳಿಗೆ ಕೋವಿ ಮಾಡಿಸಬೇಕೆಂದರೆ ಲಕ್ಷ ಪೌಂಡಿಗಿಂತ ಹೆಚ್ಚು ಬೇಕು. ನಮ್ಮ ಲೆಕ್ಕದಲ್ಲಿ ಕೋಟಿ ದಾಟುತ್ತದೆ.

ಕೋವಿಯನ್ನು ಅಳತೆ ಕೊಟ್ಟು ಹೊಲಿಸುತ್ತಾರೆ ಎಂದರೆ ನಂಬುತ್ತೀರಾ? ಹಾಗೇ ಅನ್ನಬೇಕು. ಗಿರಾಕಿಯ ತೋಳಿನ ಉದ್ದ, ಕತ್ತಿನ ಎತ್ತರ, ಕೆನ್ನೆಯ ದಪ್ಪ, ಭುಜದ ಅಗಲ ಎಲ್ಲವನ್ನೂ ನೋಡಿ, ಅದಕ್ಕೆ ತಕ್ಕಂತೆ ಹಿಡಿಯ ಉದ್ದ, ಬಾಗು, ಓರೆ ಇಷ್ಟಿಷ್ಟೇ ಎಂದು ಗೊತ್ತುಮಾಡುತ್ತಾರೆ. ನನ್ನ ರವಿಕೆ ನಿಮಗೆ ಆಗದ ಹಾಗೆ ಒಬ್ಬನ ಕೋವಿ ಇನ್ನೊಬ್ಬನಿಗೆ ಸರಿಹೋಗುವುದಿಲ್ಲ. ಮರವನ್ನು ಉಕ್ಕಿಗೆ ಕೂರಿಸುವ ಕೆಲಸ ಇನ್ನೂ ಸೂಕ್ಷ್ಮ. ಎಣ್ಣೆದೀಪದ ಕಾಡಿಗೆಯನ್ನು ಉಕ್ಕಿಗೆ ಹಚ್ಚಿ ಮರದೊಳಗೆ ಒತ್ತಿ ತೆಗೆಯುತ್ತಾರೆ. ಮರದ ಮೇಲೆ ಎಲ್ಲಿ ಕಪ್ಪು ಅಂಟಿತೋ ಅಲ್ಲಿ ಇಷ್ಟೇ ಇಷ್ಟು ಕೆತ್ತುತ್ತಾರೆ. ಮತ್ತೆ ಕಾಡಿಗೆ, ಮತ್ತೆ ಒತ್ತು, ಮತ್ತೆ ಕೆತ್ತು. ಕೂಸಿನ ಕಣ್ಣಿಗೆ ಹಚ್ಚಲು ನಾವು ದೀಪದ ಮೇಲೆ ತಟ್ಟೆ ಕವುಚಿ ಹಿಡಿಯುತ್ತಿದ್ದ ಆ ಕಾಡಿಗೆಯೇ. ಕೊನೆಗೆ ಅಗಸೆ ಎಣ್ಣೆಯನ್ನು ಅಂಗೈಯಿಂದಲೇ ದಿನಗಟ್ಟಲೆ ಉಜ್ಜುತ್ತಾರೆ. ನಳಿಗೆ ಮಾಡುವವನು ಬೇರೆ, ಕೀಲುಗಳನ್ನು ಅರದಿಂದ ಉಜ್ಜಿ ಕೂರಿಸುವವನು ಬೇರೆ, ಹಿಡಿಯವನು ಬೇರೆ, ಕೆತ್ತನೆಯವನು ಬೇರೆ. ಒಂದು ಕೋವಿ ಮುಗಿಯಲು ನೂರಾರು ಗಂಟೆಗಳ ದುಡಿತ.

ಆದರೆ ಹೆಸರು ಉಳಿಯುವುದು ಇಬ್ಬರದೇ, ಅಂಗಡಿಯದು ಮತ್ತು ಕೊಂಡವನದು. ಪ್ರತಿ ಕೋವಿಗೂ ಒಂದು ಕ್ರಮಸಂಖ್ಯೆ, ಆ ಸಂಖ್ಯೆಯ ಎದುರಿಗೆ ಲೆಡ್ಜರಿನಲ್ಲಿ ಮಾಡಿಸಿಕೊಂಡವನ ಹೆಸರು. ಕೆಲಸಗಾರನದು ಏನಿದ್ದರೂ ಮರ ಬಿಚ್ಚಿದರೆ ಕಾಣುವ ಜಾಗದಲ್ಲಿ ಒಂದೆರಡು ಅಕ್ಷರದ ಗುರುತು. ಪರ್ಡಿ ಕೋವಿಯ ಹೆಗ್ಗಳಿಕೆಯೆಂದರೆ ತಾನಾಗಿ ತೆರೆದುಕೊಳ್ಳುವ ಅದರ ಕೀಲು. ಅದನ್ನು ಕಂಡುಹಿಡಿದವನು ಫ್ರೆಡರಿಕ್ ಬೀಸ್ಲಿ, ಅದೇ ಅಂಗಡಿಯಲ್ಲಿ ದುಡಿದಿದ್ದ ಕೆಲಸಗಾರ. 1880ರಲ್ಲಿ ಪೇಟೆಂಟ್ ಪಡೆದು ಪರ್ಡಿಗೇ ಮಾರಿದ. ಇಂದಿಗೂ ಅದೇ ಕೀಲು ಬಳಕೆಯಲ್ಲಿದೆ. ಜನ ಅದನ್ನು ಕರೆಯುವುದು ಮಾತ್ರ ಪರ್ಡಿ ಕೋವಿ ಎಂದೇ. ಮನೆಮಂದಿಗೆಲ್ಲ ಅಡುಗೆ ಮಾಡಿದವಳು ಒಳಗೇ ಉಳಿದು, ಊಟಕ್ಕೆ ಕರೆದವರ ಹೆಸರು ಊರಲ್ಲಿ ಹರಡುವುದನ್ನು ನೋಡಿದ ನಮಗೆ ಇದೇನೂ ಹೊಸದಲ್ಲ ಬಿಡಿ.

ಅಳಿಯನ ಸಹೋದ್ಯೋಗಿಯೊಬ್ಬರು, ನಿವೃತ್ತಿಗೆ ಹತ್ತಿರವಾದ ಸಂಭಾವಿತ ಇಂಗ್ಲಿಷ್ ಮನುಷ್ಯ, ನನ್ನ ಕುತೂಹಲ ಕೇಳಿ ನಕ್ಕು ಚಹಾಕ್ಕೆ ಕರೆದರು. ಉಕ್ಕಿನ ಕಪಾಟಿನ ಬೀಗ ತೆಗೆದು ತಮ್ಮ ಅಜ್ಜನ ಕೋವಿಯನ್ನು ತೋರಿಸಿದರು. ಅದರ ಮೇಲೆ ಚಿನ್ನದಲ್ಲಿ 2 ಎಂಬ ಅಂಕೆ ಕೂರಿಸಿತ್ತು. ಇಂಥ ಕೋವಿಗಳನ್ನು ಜೋಡಿಯಾಗಿ ಮಾಡಿಸುತ್ತಿದ್ದರಂತೆ. ಒಂದರಲ್ಲಿ ಯಜಮಾನ ಹೊಡೆಯುತ್ತಿರುವಾಗ ಹಿಂದೆ ನಿಂತ ಆಳು ಇನ್ನೊಂದಕ್ಕೆ ತೋಟೆ ತುಂಬಿ ಕೈಗೆ ಕೊಡಬೇಕು. ತಂದೆ ಸತ್ತ ಮೇಲೆ ಜೋಡಿಯಲ್ಲಿ ಒಂದನ್ನು ದೊಡ್ಡ ಮಗನಿಗೆ, ಇನ್ನೊಂದನ್ನು ಚಿಕ್ಕವನಿಗೆ ಕೊಟ್ಟು ಅಗಲಿಸಿದ ಮನೆಗಳು ಎಷ್ಟೋ ಇವೆ. ನಮ್ಮ ಅಮ್ಮನ ಜೋಡಿ ಬಳೆಯಲ್ಲಿ ಒಂದು ನನಗೆ, ಒಂದು ತಂಗಿಗೆ ಬಂತಲ್ಲ, ಹಾಗೆ. ಅಲ್ಲಿ ಕಳೆದುಹೋದ ಜೊತೆಗಾರನನ್ನು ಹುಡುಕಿ ಮತ್ತೆ ಜೋಡಿ ಮಾಡುವುದೇ ಕೆಲವರ ಜೀವಮಾನದ ಹವ್ಯಾಸ.

ಅವರು ಅಂಗಡಿಗೆ ಬರೆದು ಕೇಳಿದಾಗ ಗೊತ್ತಾದದ್ದೇ ಬೇರೆ. ಕೋವಿಯ ಮೊದಲ ಒಡೆಯ ಅವರ ಅಜ್ಜನಾಗಿರಲಿಲ್ಲ. ಅದನ್ನು ಮಾಡಿಸಿದವನು ಒಬ್ಬ ತರುಣ ಸೈನ್ಯಾಧಿಕಾರಿ, 1916ರಲ್ಲಿ ಫ್ರಾನ್ಸಿನ ಯುದ್ಧಭೂಮಿಯಲ್ಲಿ ತೀರಿಕೊಂಡವನು. ಅಜ್ಜ ಅದನ್ನು ಕೊಂಡದ್ದು ಆಮೇಲೆ. ಹಿಡಿಯ ತುದಿಗೆ ಮುಕ್ಕಾಲು ಇಂಚು ಮರದ ತುಂಡೊಂದನ್ನು ಅಂಟಿಸಿ ಉದ್ದ ಮಾಡಿದ್ದರು, ಯಾಕೆಂದರೆ ಅಜ್ಜನ ತೋಳು ಆ ಹುಡುಗನ ತೋಳಿಗಿಂತ ಉದ್ದ. ಆ ಕೂಡುಗೆರೆಯನ್ನು ನನ್ನ ಬೆರಳು ಹಿಡಿದು ಮುಟ್ಟಿಸಿದರು. ಅಲ್ಲಿಯವರೆಗಿನ ಮರ ಅಷ್ಟೂ ಆ ಹುಡುಗನ ಅಳತೆ. ಅವನ ಭುಜ ಮಣ್ಣಾಗಿ ನೂರು ವರ್ಷ ಮೀರಿದೆ, ಭುಜದ ಅಳತೆ ಕಪಾಟಿನಲ್ಲಿದೆ. ನಾನು ಚಹಾ ಕುಡಿಯುವುದನ್ನೇ ಮರೆತೆ.

ಇಷ್ಟರವರೆಗೆ ನನ್ನ ಮನಸ್ಸು ಕೋವಿಗಳ ಪರವಾಗಿಯೇ ಇತ್ತು. ಅದಾದ ಒಂದು ವಾರಕ್ಕೆ ನಮ್ಮನ್ನು ರಿಪನ್ ಎಂಬ ಊರಿನ ಕಡೆಗೆ ಕರೆದೊಯ್ದರು. ಹೆಸರು ಕೇಳಿ ನನ್ನ ಕಿವಿ ನೆಟ್ಟಗಾಯಿತು. ಇತಿಹಾಸ ಪಾಠ ಮಾಡುವ ಯಾರಿಗೆ ಲಾರ್ಡ್ ರಿಪನ್ ಗೊತ್ತಿಲ್ಲ? 1880ರಿಂದ 1884ರವರೆಗೆ ವೈಸ್‌ರಾಯ್. ದೇಶಭಾಷೆಯ ಪತ್ರಿಕೆಗಳ ಬಾಯಿ ಕಟ್ಟಿದ್ದ ಕಾಯಿದೆಯನ್ನು ತೆಗೆದವನು, ಸ್ಥಳೀಯ ಸ್ವಯಮಾಡಳಿತಕ್ಕೆ ದಾರಿ ಮಾಡಿದವನು, ಶಿಕ್ಷಣದ ಬಗ್ಗೆ ಹಂಟರ್ ಆಯೋಗ ನೇಮಿಸಿದವನು. 1881ರ ಮಾರ್ಚ್ 25ರಂದು ಮೈಸೂರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದ್ದೂ ಅವನ ಕಾಲದಲ್ಲೇ. ಚೆನ್ನೈ ಕಾರ್ಪೊರೇಷನ್ನಿನ ಬಿಳಿ ಕಟ್ಟಡಕ್ಕೆ ಇವತ್ತಿಗೂ ಅವನ ಹೆಸರು. ಪರೀಕ್ಷೆಯಲ್ಲಿ ಐದು ಅಂಕಕ್ಕೆ ಖಾಯಂ ಬರುವ ಮನುಷ್ಯ.

ಆದರೆ ಕೋವಿ ಲೋಕದಲ್ಲಿ ಲಾರ್ಡ್ ರಿಪನ್ ಎಂದರೆ ಇವನಲ್ಲ, ಇವನ ಮಗ. 1852ರಲ್ಲಿ ಹುಟ್ಟಿ, ತಂದೆ ಸತ್ತ ಮೇಲೆ 1909ರಲ್ಲಿ ಪದವಿಗೆ ಬಂದವನು. ಇಂಗ್ಲೆಂಡಿನ ಅತಿ ಶ್ರೇಷ್ಠ ಗುರಿಕಾರ ಎಂದು ಅವನನ್ನು ಕೊಂಡಾಡುತ್ತಾರೆ. ಜೋಡಿ ಸಾಲದೆಂದು ಮೂರು ಪರ್ಡಿ ಕೋವಿ, ತುಂಬಿ ಕೊಡಲು ಇಬ್ಬರು ಆಳು. ಒಂದೇ ನಿಮಿಷದಲ್ಲಿ 28 ಹಕ್ಕಿ ಉರುಳಿಸಿದನೆಂಬ ಖ್ಯಾತಿ. ಅವನು ತಾನು ಕೊಂದದ್ದನ್ನೆಲ್ಲ ಲೆಕ್ಕ ಬರೆದಿಡುತ್ತಿದ್ದ. 1867ರಿಂದ 1923ರವರೆಗಿನ ಮೊತ್ತ 5,56,813. ಅಂಕೆ ತಪ್ಪಾಗಿ ಅಚ್ಚಾಗಿದೆ ಎಂದುಕೊಳ್ಳಬೇಡಿ. 56 ವರ್ಷಕ್ಕೆ ಭಾಗಿಸಿ ನೋಡಿದೆ. ಭಾನುವಾರ, ಹಬ್ಬ, ಜ್ವರ ಬಂದ ದಿನ ಎಲ್ಲ ಸೇರಿಸಿ ದಿನಕ್ಕೆ ಸರಾಸರಿ 27 ಜೀವ. ಆ ಪಟ್ಟಿಯಲ್ಲಿ ಹನ್ನೊಂದು ಹುಲಿ, ಎರಡು ಘೇಂಡಾಮೃಗ ಕೂಡ ಇವೆ. 1923ರ ಸೆಪ್ಟೆಂಬರ್ 22ರಂದು ಯಾರ್ಕ್‌ಷೈರಿನ ಬೆಟ್ಟದ ಬಯಲಿನಲ್ಲಿ, ಬೆಳಗಿನಿಂದ 52 ಹಕ್ಕಿ ಹೊಡೆದು, ಅಲ್ಲೇ ಕುಸಿದು ಸತ್ತ. ಮಕ್ಕಳಿರಲಿಲ್ಲ, ಪದವಿಯೂ ಅವನೊಂದಿಗೇ ಮುಗಿಯಿತು. ಅವನ ಹೆಂಡತಿ ಗ್ಲ್ಯಾಡಿಸ್ ಸಂಗೀತ ನಾಟಕದ ಪೋಷಕಿ, ದೊಡ್ಡ ರಸಿಕೆ. ಆಸ್ಕರ್ ವೈಲ್ಡ್ ತನ್ನ ಒಂದು ನಾಟಕವನ್ನು ಆಕೆಗೆ ಅರ್ಪಿಸಿದ್ದಾನೆ. ಆ ನಾಟಕದ ಹೆಸರು ಏನು ಗೊತ್ತೇ? 'ಎ ವುಮನ್ ಆಫ್ ನೋ ಇಂಪಾರ್ಟೆನ್ಸ್', ಲೆಕ್ಕಕ್ಕಿಲ್ಲದ ಒಬ್ಬ ಹೆಂಗಸು. ಗಂಡನ ಲೆಕ್ಕದ ಪುಸ್ತಕ ನೆನೆದು ನನಗೆ ನಗು ಬಂತು.

ಇಷ್ಟೊಂದು ಹಕ್ಕಿಗಳು ಎಲ್ಲಿಂದ ಬಂದವು ಎಂದು ನಾನು ಕೇಳಿದೆ. ಅವನ್ನು ಸಾಕುತ್ತಿದ್ದರಂತೆ. ಫೆಸೆಂಟ್ ಎಂಬ ಉದ್ದ ಬಾಲದ ಹಕ್ಕಿಯ ಮೊಟ್ಟೆಗಳನ್ನು ಆರಿಸಿ ತಂದು, ಕಾವಿಗೆ ಕೂತ ಊರಕೋಳಿಗಳ ಕೆಳಗೆ ಇಡುವುದು. ಕೋಳಿ ತನ್ನವೇ ಎಂದು ಕಾವು ಕೊಡುತ್ತದೆ, ಮರಿಗಳನ್ನು ರೆಕ್ಕೆಯಡಿ ಬೆಳೆಸುತ್ತದೆ. ಮುಂದೆ ಹಕ್ಕಿಗಳನ್ನು ಕಾಡಿಗೆ ಬಿಟ್ಟು, ಚಳಿಗಾಲದಲ್ಲಿ ಹಳ್ಳಿಯ ಜನರಿಂದ ಸೋವಿಸಿ, ಸಾಲಾಗಿ ನಿಂತ ದೊರೆಗಳ ತಲೆಯ ಮೇಲೆ ಹಾರಿಸುವುದು. ಶಿಕಾರಿ ಎಂದರೆ ನಡೆದು, ಹುಡುಕಿ, ಕಾದು ಹೊಡೆಯುವುದು ಎಂದು ನಮ್ಮ ಮಲೆನಾಡಿನವರಿಗೆ ಗೊತ್ತು. ಇಲ್ಲಿ ದೊರೆ ನಿಂತ ಜಾಗ ಬಿಟ್ಟು ಕದಲಬೇಕಿಲ್ಲ. ನನಗೆ ಆ ಹಕ್ಕಿಗಳಿಗಿಂತ ಹೆಚ್ಚು ಕಾಡಿದ್ದು ಕಾವು ಕೊಟ್ಟ ಕೋಳಿ.

ನಾನು ಮಾಂಸಾಹಾರದ ವಿರುದ್ಧ ಭಾಷಣ ಮಾಡುತ್ತಿಲ್ಲ. ತಿನ್ನಲು ಕೊಲ್ಲುವುದು ಬೇರೆ, ಬೆಳೆ ಕಾಯಲು ಕೊಲ್ಲುವುದು ಬೇರೆ. ಹೊಡೆದ ಹಕ್ಕಿಗಳೂ ಅಡುಗೆಮನೆಗೆ, ಸಂತೆಗೆ ಹೋಗುತ್ತಿದ್ದವು ಎಂದು ಅಳಿಯ ಅವರ ಪರ ವಾದಿಸಿದರು. "ಅತ್ತೆ, ನಮ್ಮ ಮಹಾರಾಜರುಗಳು ಹುಲಿ ಹೊಡೆದು ಫೋಟೋ ತೆಗೆಸಿಕೊಂಡಿಲ್ವೆ?" ಎಂದರು. ತೆಗೆಸಿಕೊಂಡಿದ್ದಾರೆ, ಒಪ್ಪಿದೆ. ನನ್ನ ತಕರಾರು ಕೊಲೆಗಿಂತಲೂ ಎಣಿಕೆಯ ಮೇಲೆ. ಎಣಿಸಲೆಂದೇ ಕೊಂದದ್ದಕ್ಕೆ ಹಸಿವಿನ ನೆಪವಿಲ್ಲ, ಭಯದ ನೆಪವೂ ಇಲ್ಲ. ಇದು ಅವರಿಗೇ ಹೊಳೆಯದೆ ಇರಲಿಲ್ಲ. 1911ರ ದೆಹಲಿ ದರ್ಬಾರು ಮುಗಿಸಿ ನೇಪಾಳದಲ್ಲಿ ಬೇಟೆಯಾಡಿದ ಐದನೇ ಜಾರ್ಜ್ ದೊರೆಯ ತಂಡ 39 ಹುಲಿ ಹೊಡೆದಿತ್ತು. ಅದೇ ದೊರೆ 1913ರ ಡಿಸೆಂಬರ್ 18ರಂದು ಹಾಲ್ ಬಾರ್ನ್ ಎಂಬಲ್ಲಿ ಏಳು ಜನರ ತಂಡದೊಡನೆ ಒಂದೇ ದಿನಕ್ಕೆ 3,937 ಫೆಸೆಂಟ್ ಉರುಳಿಸಿದ. ಅದರಲ್ಲಿ ಸಾವಿರಕ್ಕೂ ಮೇಲೆ ಅವನದೇ. ಹಿಂದಿರುಗುವ ದಾರಿಯಲ್ಲಿ ಬಹಳ ಹೊತ್ತು ಸುಮ್ಮನಿದ್ದು, ಇವತ್ತು ನಾವು ಸ್ವಲ್ಪ ಅತಿ ಮಾಡಿದೆವೇನೋ ಎಂದು ಮಗನಿಗೆ ಹೇಳಿದನಂತೆ. ಸ್ವಲ್ಪ! ಎಂಟು ತಿಂಗಳಿಗೆ ಮಹಾಯುದ್ಧ ಬಂತು.

ಹಾಗಾದರೆ ರಿಪನ್ನನ ಕೋವಿ ಎಂದ ಕೂಡಲೆ ಹರಾಜಿನಲ್ಲಿ ಬೆಲೆ ಏರುವುದೇಕೆ? ಕೊಳ್ಳುವವರು ಏನನ್ನು ಕೊಳ್ಳುತ್ತಾರೆ? ಕಾಡಿಗೆ ಹಚ್ಚಿ ಕೆತ್ತಿದವನ ಕೈಚಳಕಕ್ಕಾದರೆ, ಯಾರೋ ಗುಮಾಸ್ತ ಮಾಡಿಸಿದ ಕೋವಿಯಲ್ಲೂ ಅದು ಅಷ್ಟೇ ಇರುತ್ತದೆ. ಹೆಚ್ಚಿನ ಹಣ ಹೋಗುವುದು ಹೆಸರಿಗೆ, ಎಂದರೆ ಆ ಐದೂವರೆ ಲಕ್ಷಕ್ಕೆ. ನಮ್ಮ ಅತ್ತೆಯವರು ಇದನ್ನು ಕೇಳಿದ್ದರೆ ಸ್ನಾನ ಮಾಡಿ ಬಾ ಎನ್ನುತ್ತಿದ್ದರು.

ಹೀಗೆ ತೀರ್ಪು ಕೊಟ್ಟು ಸುಮ್ಮನಾಗುತ್ತಿದ್ದೆನೇನೋ. ಆದರೆ ಆ ಲೆಡ್ಜರುಗಳಲ್ಲಿ ಇನ್ನೊಂದು ಹೆಸರಿದೆ, ಮಹಾರಾಜ ದುಲೀಪ್ ಸಿಂಗ್. ಪಂಜಾಬಿನ ರಣಜಿತ್ ಸಿಂಗನ ಕೊನೆಯ ಮಗ. ಐದು ವರ್ಷಕ್ಕೆ ಸಿಂಹಾಸನ, 1849ರಲ್ಲಿ, ಇನ್ನೂ ಹುಡುಗನಾಗಿರುವಾಗ, ರಾಜ್ಯವೂ ಹೋಯಿತು, ಕೊಹಿನೂರ್ ವಜ್ರವೂ ಹೋಯಿತು. 1854ರಲ್ಲಿ ಅವನನ್ನು ಇಂಗ್ಲೆಂಡಿಗೆ ಕರೆದೊಯ್ದರು. ನಮಗೆ ಹತ್ತಿರದ ಒಂದು ಎಳೆಯೂ ಇಲ್ಲಿದೆ. ಕೊಡಗಿನ ಪದಚ್ಯುತ ರಾಜ ಚಿಕವೀರರಾಜೇಂದ್ರ, ಮಾಸ್ತಿಯವರ ಕಾದಂಬರಿಯ ಅದೇ ಚಿಕವೀರರಾಜೇಂದ್ರ, 1852ರಲ್ಲಿ ತನ್ನ ಮಗಳು ಗೌರಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದ. ವಿಕ್ಟೋರಿಯಾ ರಾಣಿಯೇ ಅವಳ ಧರ್ಮಮಾತೆಯಾಗಿ ಕ್ರೈಸ್ತಳನ್ನಾಗಿ ಮಾಡಿಸಿದಳು. ರಾಜ್ಯ ಕಳೆದುಕೊಂಡ ಈ ಎರಡು ಮಕ್ಕಳಿಗೆ ಮದುವೆ ಮಾಡಿಸಬೇಕೆಂಬುದು ರಾಣಿಯ ಆಸೆಯಾಗಿತ್ತು. ದುಲೀಪ್ ಸಿಂಗ್ ಒಪ್ಪಲಿಲ್ಲ. ಗೌರಮ್ಮ ಒಬ್ಬ ಇಂಗ್ಲಿಷ್ ಕರ್ನಲನನ್ನು ಮದುವೆಯಾಗಿ, 1864ರಲ್ಲಿ, ಇಪ್ಪತ್ತಮೂರು ತುಂಬುವ ಮೊದಲೇ ತೀರಿಕೊಂಡಳು.

ದುಲೀಪ್ ಸಿಂಗ್ 1863ರಲ್ಲಿ ಸಫೋಕಿನ ಎಲ್ವೆಡನ್ ಎಂಬಲ್ಲಿ 17,000 ಎಕರೆಯ ಜಹಗೀರು ಕೊಂಡು, ಬಂಗಲೆಯ ಒಳಗೆಲ್ಲ ನಮ್ಮ ಅರಮನೆಗಳ ಮಾದರಿಯ ಕೆತ್ತನೆ ಮಾಡಿಸಿ, ಕೋವಿ ಹಿಡಿದ. 1851ರಲ್ಲಿ ಲಂಡನ್ನಿನಲ್ಲಿ ಒಂದು ದೊಡ್ಡ ವಸ್ತುಪ್ರದರ್ಶನ ನಡೆದಿತ್ತು. ಅಲ್ಲಿ ಜನ ಮುಗಿಬಿದ್ದು ನೋಡಿದ ವಸ್ತುಗಳಲ್ಲಿ ಅವನಿಂದ ಕಿತ್ತುಕೊಂಡ ಕೊಹಿನೂರ್ ಒಂದು. ಅದೇ ಪ್ರದರ್ಶನದಲ್ಲಿ ಫ್ರಾನ್ಸಿನ ಲೆಫೋಷೋ ಎಂಬವನ ಹೊಸ ಕೋವಿಯೂ ಇತ್ತು, ಬಾಯಿಯಿಂದ ಮದ್ದು ತುಂಬುವ ಬದಲು ಹಿಂಬದಿಯಿಂದ ತೋಟೆ ಹಾಕುವಂಥದ್ದು. ಇಂಗ್ಲಿಷರ ಬೇಟೆಗೆ ಆ ವೇಗ ಬಂದದ್ದೇ ಈ ಉಪಾಯದಿಂದ. ಹೀಗೆ ಅವನು ಕಳೆದುಕೊಂಡದ್ದೂ ಅವನಿಗೆ ಮುಂದೆ ಸಿಕ್ಕ ಆಟಿಕೆಯೂ ಒಂದೇ ಸೂರಿನ ಕೆಳಗಿದ್ದವು. 1876ರಲ್ಲಿ ಅವನು ಒಂದೇ ದಿನ ಸಾವಿರ ತೋಟೆಗೆ 780 ಕವುಜಗ ಹಕ್ಕಿ ಹೊಡೆದ. ದೊರೆಗಳು ಭಲೇ ಎಂದರು. ರಾಜ್ಯ ಆಳಗೊಡದವರು ಹಕ್ಕಿ ಹೊಡೆಯುವುದರಲ್ಲಿ ಮಾತ್ರ ಅವನನ್ನು ಸರಿಸಮನಾಗಿ ನಿಲ್ಲಗೊಟ್ಟರು. ಅವನ 780ನ್ನು ರಿಪನ್ನನ ಲೆಕ್ಕದ ಜೊತೆ ಒಂದೇ ತಕ್ಕಡಿಗೆ ಹಾಕಲು ನನಗೆ ಆಗುವುದಿಲ್ಲ. ಕವುಜಗಕ್ಕೆ ಇದರಿಂದ ಏನೂ ವ್ಯತ್ಯಾಸವಾಗದು, ಅದೂ ನನಗೆ ಗೊತ್ತು. ಆಮೇಲೆ ಅವನು ಸಾಲದಲ್ಲಿ ಮುಳುಗಿ, ಸರ್ಕಾರದ ಮೇಲೆ ಮುನಿದು, 1886ರಲ್ಲಿ ಪಂಜಾಬಿಗೆ ಹೊರಟ. ಏಡನ್ನಿನಲ್ಲಿ ತಡೆದು ಹಿಡಿದರು. 1893ರಲ್ಲಿ ಪ್ಯಾರಿಸ್ಸಿನಲ್ಲಿ ಸತ್ತ. ಅವನ ಕೋವಿಗಳೂ ಹರಾಜಿಗೆ ಬರುತ್ತವೆ, ಮಹಾರಾಜ ಎಂಬ ಹೆಸರಿಗೆ ಒಳ್ಳೆಯ ಬೆಲೆಯಿದೆ.

ಅವನು ಆ 780 ಹೊಡೆದ 1876ರಲ್ಲೇ ಹುಟ್ಟಿದವಳು ಮಗಳು ಸೋಫಿಯಾ. ಇವಳಿಗೂ ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ರಾಣಿ ಕೊಟ್ಟ ಮನೆಯಲ್ಲಿ ನಾಯಿ ಸಾಕಿಕೊಂಡು, ಪ್ಯಾರಿಸ್ಸಿನ ಬಟ್ಟೆ ತೊಟ್ಟುಕೊಂಡು ಸುಖವಾಗಿರಬಹುದಿತ್ತು. ಅವಳು ಹೆಂಗಸರಿಗೆ ಮತದ ಹಕ್ಕು ಕೇಳುವವರ ಗುಂಪು ಸೇರಿದಳು. 1910ರ ನವೆಂಬರ್ 18ರಂದು ಪಾರ್ಲಿಮೆಂಟಿನ ಮುಂದೆ ಪೊಲೀಸರು ಹೆಂಗಸರನ್ನು ಎಳೆದಾಡಿ ಹೊಡೆದರಲ್ಲ, ಆ ದಿನ ಪ್ಯಾಂಕ್‌ಹರ್ಸ್ಟ್ ಅವರ ಜೊತೆ ಅವಳೂ ಇದ್ದಳು. ಮತ ಇಲ್ಲದವಳು ತೆರಿಗೆ ಯಾಕೆ ಕೊಡಬೇಕು ಎಂದು 1911ರಲ್ಲಿ ನಾಯಿ, ಗಾಡಿ, ಆಳಿನ ಮೇಲಿನ ತೆರಿಗೆಗಳನ್ನು ಕಟ್ಟದೆ ನಿಂತಳು. ದಂಡ ಹಾಕಿದರು, ಅದನ್ನೂ ಕಟ್ಟಲಿಲ್ಲ. ಅಮೀನರು ಬಂದು ಏಳು ವಜ್ರದ ಉಂಗುರವೊಂದನ್ನು ಜಪ್ತಿ ಮಾಡಿ ಹರಾಜಿಗಿಟ್ಟರು. ಹರಾಜಿನ ಕಟ್ಟೆಯಲ್ಲಿ ಅವಳ ಗೆಳತಿಯರೇ ತುಂಬಿದ್ದರು. ಅವರಲ್ಲೊಬ್ಬಳು ಅದನ್ನು ಕೂಗಿ ಕೊಂಡು, ಅಲ್ಲೇ ಅವಳಿಗೆ ಹಿಂದಕ್ಕೆ ಕೊಟ್ಟಳು. ಮುಂದೆ 1913ರಲ್ಲಿ ಮತ್ತೆ ಹೀಗೇ ಆಯಿತು; ಆ ಸಲ ಮುತ್ತಿನ ಸರ ಮತ್ತು ಚಿನ್ನದ ಬಳೆ.

ಊರಿಗೆ ಬಂದ ಮೇಲೆ ಒಂಬತ್ತನೆಯ ತರಗತಿಯಲ್ಲಿ ರಿಪನ್ನನ ಪಾಠ ಮಾಡುವಾಗ ಇದನ್ನೆಲ್ಲ ಹೇಳಿದೆ. ಹುಡುಗರು ಮೂರು ಕೋವಿಯ ಬಗ್ಗೆಯೇ ಕೇಳಿದರು. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಆ ಉಂಗುರ ಮೊದಲು ಯಾರದ್ದು ಮಿಸ್?" ಎಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದವಳು ಅವಳ ಲಂಗ ಜಗ್ಗಿ ಕೂರಿಸುತ್ತ, "ಅವರ ಫ್ರೆಂಡು ವಾಪಸ್ ಕೊಟ್ರಲ್ಲೇ, ಮತ್ತಿನ್ನೇನು ನಿಂದು" ಎಂದು ಗದರಿದಳು.